ನಲವತ್ತು ಮೇಲ್ ಹಾಕ್ದೆ, ಒಬ್ರೂ ಉತ್ತರ ಕೊಟ್ಟಿಲ್ಲ!

ಪ್ರಶ್ನೆ: ಸರ್, ನಾನು ದಾವಣಗೆರೇಲಿ ಎಂಎಸ್ಸಿ ಫಿಸಿಕ್ಸ್ ಮೊದಲನೇ ವರ್ಷ. ಬೇಸಿಗೇಲಿ ಬೆಂಗಳೂರಿನ ಯಾವ್ದಾದ್ರೂ ರಿಸರ್ಚ್ ಸಂಸ್ಥೇಲಿ ಇಂಟರ್ನ್‌ಶಿಪ್ ಮಾಡಿ, ಫೈನಲ್ ಇಯರ್ ಪ್ರಾಜೆಕ್ಟೂ ಅಲ್ಲೇ ಮಾಡೋ ಆಸೆ. ನಲವತ್ತು ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದೀನಿ, ಅದರ ಕಾಪಿ ಇದ್ರ ಜೊತೆಗಿದೆ. ನಮ್ಮಂಥ ಊರಿನವ್ರಿಗೆ ಸಿಗಲ್ವಾ?

ಉತ್ತರ: ಸಿಗುತ್ತೆ ಕಣಪ್ಪ. ಆದ್ರೆ ನಿನ್ನ ಮೇಲ್ ಓದ್ದೆ, 'ರೆಸ್ಪೆಕ್ಟೆಡ್ ಸರ್, ನನಗೆ ಸಂಶೋಧನೆಯಲ್ಲಿ ಅಪಾರ ಆಸಕ್ತಿ' ಅಂತ ಶುರುವಾಗಿ ಯಾವ ವಿಷಯದಲ್ಲಿ ಅನ್ನೋದು ಕೊನೇವರೆಗೂ ಇಲ್ಲ, ಎಲ್ರಿಗೂ ಅದೇ ಕಾಪಿ, ಮೇಡಂಗಳಿಗೂ ಸರ್ ಅಂತಾನೇ ಹೋಗಿರುತ್ತೆ! ನಾಲ್ಕೇ ಜನರನ್ನ ಆರಿಸ್ಕೋ, ಅವರ ಇತ್ತೀಚಿನ ಒಂದು ಪೇಪರ್ ಓದು, ನಿಂಗೆ ಅರ್ಥ ಆಗ್ದಿರೋ ಗ್ರಾಫ್ ಇರುತ್ತಲ್ಲ ಅದ್ರ ಬಗ್ಗೆನೇ ಒಂದು ಪ್ರಶ್ನೆ ಹಾಕಿ ಎಂಟು ಸಾಲಲ್ಲಿ ಮುಗ್ಸು.

ಮೇಲ್ ಒಂದನ್ನೇ ನಂಬ್ಕೊಂಡು ಕೂರ್ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ 2 ತಿಂಗಳ ಬೇಸಿಗೆ ಫೆಲೋಶಿಪ್ ಕೊಡುತ್ತೆ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಅಂಥದ್ದೇ ಒಂದಿದೆ. ಬೇಸಿಗೆ ಅಂತ ಏಪ್ರಿಲಲ್ಲಿ ಹುಡುಕೋಕೆ ಹೋದ್ರೆ ಆಯ್ತು ಕಥೆ, ದಸರಾ ಮುಗೀತಿದ್ದಂಗೆ ಅರ್ಜಿ ಕರೆದಿದಾರಾ ಅಂತ ಇವರ ವೆಬ್‌ಸೈಟ್ ನೋಡ್ತಾ ಇರು, ನಿಂಗೆ ಪಾಠ ಮಾಡೋ ಮೇಷ್ಟ್ರಿಗೆ ಶಿಫಾರಸು ಪತ್ರಕ್ಕೆ ಈಗ್ಲೇ ಹೇಳಿಡು.

ಚಳ್ಳಕೆರೆ ಹತ್ರ ಕುದಾಪುರದಲ್ಲೂ ಐಐಎಸ್ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಕ್ಯಾಂಪಸ್ ಇದೆ ನಿಜ, ಆದ್ರೆ ಹೆಚ್ಚಿನ ಲ್ಯಾಬೆಲ್ಲ ಬೆಂಗಳೂರಲ್ಲೇ.

ಪ್ರಾಜೆಕ್ಟ್ ವಿಷಯ ಬೇರೆ, ಅದಕ್ಕೆ ಮೊದ್ಲು ನಿಮ್ಮ ಎಚ್‌ಒಡಿ, ಅಂದ್ರೆ ವಿಭಾಗದ ಮುಖ್ಯಸ್ಥರು, ಒಪ್ಪಿ ಲೆಟರ್ ಕೊಡ್ಬೇಕು. ಸಂಜೆ ಹೊತ್ತು ಕೇಳು, ಬೆಳಿಗ್ಗೆ ಎಚ್‌ಒಡಿಗಳ ಮೂಡ್ ಸರಿ ಇರಲ್ಲ.