ಬೊಲೋನ್ಯಾದಲ್ಲಿ ಸಮುದ್ರ ಎಲ್ಲಿದೆ?

ನಮಸ್ಕಾರ.

ನೀವು ಕಳಿಸಿದ ‘ಇಟಲಿಯ ಗಾನಗಾರುಡಿಗ ಲೂಚೊ ದಾಲ್ಲಾ’ ಲೇಖನ ಓದಿದೆ. ‘ಪ್ರಕಟಣೆಗೆ ಆಯ್ಕೆಯಾಗಿಲ್ಲ, ವಿಶ್ವಾಸವಿರಲಿ’ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಮನಸ್ಸಾಗಲಿಲ್ಲ. ಈ ಗಾಯಕ ನನಗೂ ಬಹಳ ಇಷ್ಟ. ಅದಕ್ಕೇ ಸಿಟ್ಟು ಸ್ವಲ್ಪ ಜಾಸ್ತಿ ಬಂದಿದೆ, ಬೇಸರ ಮಾಡ್ಕೋಬೇಡಿ.

ಮೊದಲು ಒಳ್ಳೆಯ ಮಾತು. ನಿಮ್ಮ ಕಾಗುಣಿತದಲ್ಲಿ ತಪ್ಪಿಲ್ಲ. ಈಗಿನ ಕಾಲಕ್ಕೆ ಅದೇನು ಸಣ್ಣ ವಿಷಯವಲ್ಲ. ಕೊನೆಯ ಪ್ಯಾರಾ ಚೆನ್ನಾಗಿದೆ. ಸ್ವಿಟ್ಜರ್ಲೆಂಡಿನ ಮಾಂತ್ರೋದಲ್ಲಿ ಹಿಂದಿನ ರಾತ್ರಿಯಷ್ಟೇ ಹಾಡಿದ್ದ ಮನುಷ್ಯ 2012ರ ಮಾರ್ಚ್ 1ರಂದು ಹೃದಯಾಘಾತದಿಂದ ತೀರಿಕೊಂಡದ್ದು, ಮಾರ್ಚ್ 4ರಂದು, ಬದುಕಿದ್ದರೆ 69 ತುಂಬಬೇಕಿದ್ದ ದಿನವೇ, ಬೊಲೋನ್ಯಾದ ದೊಡ್ಡ ಚೌಕದಲ್ಲಿ ಸಾವಿರಾರು ಜನ ಸೇರಿದ್ದು, ಇದನ್ನೆಲ್ಲ ಗೋಳಾಡದೆ ಬರೆದಿದ್ದೀರಿ. ಅಷ್ಟು ಸಾಕು ಹೊಗಳಿಕೆ.

ಈಗ ನಿಮ್ಮ ಎರಡನೇ ಪ್ಯಾರಾ ತೆಗೆಯಿರಿ. ನೀವು ಬರೆದದ್ದು ಹೀಗಿದೆ: “ಬಂದರಿನ ಬಡ ಹೆಣ್ಣುಮಗಳೊಬ್ಬಳ ಮಡಿಲಲ್ಲಿ ಜನಿಸಿದ ದಾಲ್ಲಾ ತಂದೆಯ ಮುಖವನ್ನೇ ಕಾಣದೆ ಬೆಳೆದರು. ಹದಿನಾರರ ಹರೆಯದಲ್ಲೇ ತಾಯಿಯಾದ ಆ ನತದೃಷ್ಟೆಯ ಕಥೆಯನ್ನೇ ಮುಂದೆ ಹಾಡಾಗಿಸಿ ಅಮರರಾದರು.”

‘ಬಂದರಿನ’. ಅದರ ಹಿಂದಿನ ಸಾಲಿನಲ್ಲೇ ‘ಬೊಲೋನ್ಯಾದಲ್ಲಿ ಜನನ’ ಅಂತ ನೀವೇ ಬರೆದಿದ್ದೀರಿ. ಬೊಲೋನ್ಯಾ ಒಳನಾಡಿನ ಊರು. ಅಲ್ಲಿ ಸಮುದ್ರ ಎಲ್ಲಿದೆ? ನಕ್ಷೆ ತೆಗೆದು ನೋಡಲು ಎಷ್ಟು ಹೊತ್ತು ಬೇಕು ಹೇಳಿ?

‘ತಂದೆಯ ಮುಖವನ್ನೇ ಕಾಣದೆ’. ಕಂಡಿದ್ದರು. ಅಪ್ಪ ತೀರಿಕೊಂಡಾಗ ಲೂಚೊಗೆ ಏಳು ವರ್ಷ. ಏಳು ವರ್ಷದ ಹುಡುಗನಿಗೆ ಅಪ್ಪನ ಮುಖ, ದನಿ, ಬೈಗುಳ ಎಲ್ಲ ನೆನಪಿರುತ್ತೆ. ಅಪ್ಪನನ್ನು ಕಂಡೇ ಇಲ್ಲದಿರುವುದು ಬೇರೆ, ಇದ್ದ ಅಪ್ಪ ಇಲ್ಲವಾಗುವುದು ಬೇರೆ. ಎರಡನ್ನೂ ಒಂದೇ ಡಬ್ಬಿಗೆ ಹಾಕಿಬಿಟ್ಟಿದ್ದೀರಿ.

‘ಹದಿನಾರರ ಹರೆಯದಲ್ಲೇ ತಾಯಿಯಾದ’. ಅವರ ತಾಯಿ ಯೋಲೆ ಬಟ್ಟೆ ಹೊಲಿಯುವ ಕೆಲಸದವರು. ಮಗ ಹುಟ್ಟಿದಾಗ ಹದಿನಾರರ ಹುಡುಗಿಯೇನಲ್ಲ. ಗಂಡ ಹೋದ ಮೇಲೆ ದುಡಿದು ಮಗನನ್ನು ಸಾಕಿದ ಹೆಂಗಸು. ಬೇಸಿಗೆಯಲ್ಲಿ ಮಗನನ್ನು ಕಟ್ಟಿಕೊಂಡು ದಕ್ಷಿಣದ ಪುಲಿಯಾ ಸೀಮೆಯ ಮಾನ್‌ಫ್ರೆದೋನಿಯಾಗೆ ಹೋಗುತ್ತಿದ್ದರು. ಸಮುದ್ರ ಇರುವುದು ಅಲ್ಲಿ. ಅಂಥವರನ್ನು ‘ನತದೃಷ್ಟೆ’ ಅಂತ ಒಂದೇ ಪದದಲ್ಲಿ ಮುಗಿಸಿದ್ದೀರಲ್ಲ, ಅದು ನನಗೆ ಸರಿ ಕಾಣಲಿಲ್ಲ.

ಹಾಗಾದರೆ ನಿಮ್ಮ ಬಂದರು, ಹದಿನಾರರ ತಾಯಿ, ಕಾಣದ ಅಪ್ಪ ಎಲ್ಲಿಂದ ಬಂದರು? ಹಾಡಿನಿಂದ. 1971ರಲ್ಲಿ ಇಟಲಿಯ ಸಾನ್‌ರೆಮೊ ಹಾಡಿನ ಉತ್ಸವದಲ್ಲಿ ಮೂರನೇ ಸ್ಥಾನ ಬಂದ ‘4/3/1943’. ಸಮುದ್ರದ ಕಡೆಯಿಂದ ಬಂದ, ಬೇರೆ ಭಾಷೆ ಆಡುವ ಒಬ್ಬ ಸೈನಿಕ. ಬಂದರಿನ ಕೋಣೆಯಲ್ಲಿ ಒಂಟಿಯಾಗಿ ಉಳಿದ ಹುಡುಗಿ. ಅವಳಿಗಿರುವುದು ಒಂದೇ ಉಡುಪು, ಹೊಟ್ಟೆ ಬೆಳೆದಂತೆ ಅದು ದಿನದಿನಕ್ಕೆ ಗಿಡ್ಡವಾಗುತ್ತಾ ಹೋಗುತ್ತದೆ. ಮಗು ಹುಟ್ಟುತ್ತದೆ, ಹೆಂಡದಂಗಡಿಯ ಪದಗಳನ್ನೇ ಅವಳು ಜೋಗುಳವಾಗಿ ಹಾಡುತ್ತಾಳೆ. ಹೆಸರಿಗೆ ಗಾಯಕನ ಹುಟ್ಟಿದ ತಾರೀಕು ಇದೆ, ಹಾಡು ‘ನಾನು’ ಅನ್ನುತ್ತದೆ. ನೀವು ನಂಬಿಬಿಟ್ಟಿರಿ.

ಅಶ್ವಥ್ ಶರೀಫರ ಪದ ಹಾಡಿದಾಗ ಅಶ್ವಥ್ ಶಿಶುನಾಳದಲ್ಲಿ ಹುಟ್ಟಿದರು ಅಂತ ಯಾರಾದರೂ ಬರೀತಾರಾ?

ಆ ಹಾಡಿನ ಮಾತು ದಾಲ್ಲಾ ಅವರದ್ದಲ್ಲ. ಬರೆದವರು ಪಾವೋಲಾ ಪಲ್ಲೊತ್ತಿನೊ ಎಂಬ ಹೆಣ್ಣುಮಗಳು, ಕಲಾ ಇತಿಹಾಸ ಓದಿಕೊಂಡವರು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡ ಗಾಯಕನಿಗಾಗಿ ಅಪ್ಪನಿಲ್ಲದ ಹುಡುಗನ ಕಥೆ ಕಟ್ಟಿಕೊಟ್ಟರು. ನೋಡಿ, ಇಲ್ಲೇ ನಿಮ್ಮ ಲೇಖನ ಇತ್ತು! ಒಬ್ಬನ ನಿಜವಾದ ನಷ್ಟವನ್ನು ಇನ್ನೊಬ್ಬಳು ತೆಗೆದುಕೊಂಡು, ಊರು ಬದಲಿಸಿ, ತಾಯಿಯನ್ನು ಬದಲಿಸಿ, ಯುದ್ಧವನ್ನು ತಂದು ಸೇರಿಸಿ ವಾಪಸ್ ಅವನ ಬಾಯಿಗೇ ಕೊಟ್ಟಳು. ಅವನು ಅದನ್ನು ತನ್ನದೇ ಅನ್ನುವ ಹಾಗೆ ಹಾಡಿದ. ನಿಮ್ಮ ಲೇಖನದಲ್ಲಿ ಪಲ್ಲೊತ್ತಿನೊ ಹೆಸರೇ ಇಲ್ಲ.

ಆ ತಾರೀಕು ಹೆಸರಾಗಿ ಬಂದದ್ದಾದರೂ ಹೇಗೆ ಗೊತ್ತಾ? ಹಾಡಿಗೆ ಮೊದಲಿಟ್ಟ ಹೆಸರು ‘ಬಾಲ ಯೇಸು’. ಉತ್ಸವಕ್ಕೆ ಅದು ನಡೆಯಲಿಲ್ಲ, ಬದಲಿಸಬೇಕಾಯ್ತು. ಕೊನೆಯಲ್ಲಿ ಆ ಹುಡುಗ ಕಳ್ಳರಿಗೂ ಸೂಳೆಯರಿಗೂ ತಾನು ಬಾಲ ಯೇಸು ಅನ್ನುವ ಮಾತಿತ್ತು. ಕತ್ತರಿ ಬಿದ್ದ ಮೇಲೆ ಅವರು ‘ಬಂದರಿನ ಜನ’ ಆದರು. ದೇವರನ್ನು ಬೈಯುತ್ತಾ ವೈನ್ ಕುಡಿಯುತ್ತಿದ್ದವನು ಇಸ್ಪೀಟು ಆಡುತ್ತಾ ಕುಡಿಯುವವನಾದ. ಬ್ರೆಜಿಲಿನ ಗಾಯಕ ಚಿಕೊ ಬುವಾರ್ಕೆ ಇದನ್ನೇ ತಮ್ಮ ಭಾಷೆಗೆ ತಂದುಕೊಂಡರು. ಇಷ್ಟೆಲ್ಲ ಬಿಟ್ಟು ನಿಮಗೆ ಸಿಕ್ಕಿದ್ದು ‘ಅಮರರಾದರು’.

ಇದು ಮೊದಲ ತಕರಾರು. ಎರಡನೆಯದು ನನಗೆ ಇನ್ನೂ ಖಾಸಗಿ. ನಿಮ್ಮ ಈ ವಾಕ್ಯ: “ಬಾಲ್ಯದಿಂದಲೇ ಸಂಗೀತದಲ್ಲಿ ಅಪಾರ ಆಸಕ್ತಿ ಹೊಂದಿದ್ದ ಅವರು ಹಲವು ವರ್ಷಗಳ ಕಠಿಣ ಪರಿಶ್ರಮದ ಫಲವಾಗಿ 1977ರಲ್ಲಿ ಯಶಸ್ಸಿನ ಶಿಖರವೇರಿದರು.”

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯ ಡೆಸ್ಕಿನಲ್ಲಿ. ಅಲ್ಲೊಬ್ಬರು ಹಿರಿಯ ಉಪಸಂಪಾದಕರಿದ್ದರು. ಕಲಾವಿದರ ಪರಿಚಯ ಬರಹ ಯಾರು ಬರೆದು ತಂದರೂ ‘ಕಠಿಣ ಪರಿಶ್ರಮ’ದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆಯುತ್ತಿದ್ದರು: ‘ಆಗ ಹೊಟ್ಟೆಪಾಡಿಗೆ ಏನು?’ ಉತ್ತರ ತರುವ ತನಕ ಕಾಪಿ ಅಚ್ಚಿಗೆ ಹೋಗುತ್ತಿರಲಿಲ್ಲ. ಒಮ್ಮೆ ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರೊಬ್ಬರ ಬಗ್ಗೆ ಬೇರೆ ಯಾರೋ ಬರೆದ ಲೇಖನಕ್ಕೆ ಉತ್ತರ ತರಲು ನನ್ನನ್ನು ಬಸ್ ಹತ್ತಿಸಿದರು. ಮಾಸ್ತರು ಮೊದಲು ಮಾತೇ ಆಡಲಿಲ್ಲ. ಆಮೇಲೆ ತೋರುಬೆರಳು ಮುಂದೆ ಮಾಡಿದರು. ಬೆರಳ ತುದಿ ಗಟ್ಟಿಯಾಗಿ, ಚುಚ್ಚಿ ಚುಚ್ಚಿ ಒರಟಾಗಿತ್ತು. “ಕಂಪನಿ ನಿಂತಾಗ ಟೈಲರ್ ಅಂಗಡ್ಯಾಗ ಕಾಜಾ ಗುಂಡಿ ಹಾಕ್ತಿದ್ದೆ ತಮ್ಮಾ, ಇದನ್ನ ಬರೀಬ್ಯಾಡ” ಅಂದರು. ಡೆಸ್ಕಿಗೆ ಬಂದು ಹಾಗೇ ಹೇಳಿದೆ. ನಮ್ಮ ಹಿರಿಯರು ‘ಬರೀಬ್ಯಾಡ’ಕ್ಕೆ ಬೆಲೆ ಕೊಟ್ಟರು, ಬರೆಯಲಿಲ್ಲ. ಆದರೆ ‘ಕಠಿಣ ಪರಿಶ್ರಮ’ವನ್ನೂ ಹೊಡೆದು ಹಾಕಿದರು. ಅವತ್ತಿನಿಂದ ಆ ಎರಡು ಪದ ಕಂಡರೆ ನನಗೆ ಆ ಬೆರಳು ಕಾಣುತ್ತೆ. ನಾನೇನು ಮಾಡಲಿ?

ಸರಿ, ನಿಮ್ಮ ‘ಅಪಾರ ಆಸಕ್ತಿ’. ಹುಡುಗನ ಕೈಗೆ ಸಿಕ್ಕಿದ್ದು ಕ್ಲಾರಿನೆಟ್. ಬೊಲೋನ್ಯಾದ ಒಂದು ಹವ್ಯಾಸಿ ಜಾಝ್ ಗುಂಪಿನಲ್ಲಿ ಪೂಪಿ ಅವಾತಿ ಎಂಬ ಇನ್ನೊಬ್ಬ ಹುಡುಗನೂ ಕ್ಲಾರಿನೆಟ್ ನುಡಿಸುತ್ತಿದ್ದ. ದಾಲ್ಲಾ ಬಂದ ಮೇಲೆ ತನ್ನ ಕೈಯಲ್ಲಿ ಇದು ಆಗುವ ಮಾತಲ್ಲ ಅಂತ ಅವಾತಿಗೆ ಗೊತ್ತಾಗಿಹೋಯ್ತು. ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚಿನ ಗೋಪುರ ಹತ್ತಿದ್ದಾಗ ಇವನನ್ನು ಕೆಳಗೆ ತಳ್ಳಿಬಿಡೋಣ ಅನ್ನಿಸಿತ್ತು ಅಂತ ಅವಾತಿ ಆಮೇಲೆ ತಾವೇ ಹೇಳಿಕೊಂಡಿದ್ದಾರೆ. ತಳ್ಳಲಿಲ್ಲ, ಕ್ಲಾರಿನೆಟ್ ಬಿಟ್ಟರು, ಮುಂದೆ ಇಟಲಿಯ ಹೆಸರಾಂತ ಸಿನಿಮಾ ನಿರ್ದೇಶಕರಾದರು. ಪ್ರತಿಭೆ ಅಂದರೆ ಏನು ಅಂತ ಓದುಗರಿಗೆ ಹೇಳಲು ಇದಕ್ಕಿಂತ ಇನ್ನೇನು ಬೇಕು? ನಿಮ್ಮ ಟಿಪ್ಪಣಿಯಲ್ಲಿ ಅವಾತಿ ಹೆಸರಿದೆ. ‘ಸ್ನೇಹಿತರು’ ಅಂತ ಪಟ್ಟಿ ಮಾಡಿದ ಕಡೆ!

‘ಹಲವು ವರ್ಷ’. ಅವನ್ನು ಬಿಡಿಸಿ. ಜೀನೊ ಪಾವೊಲಿ ಎಂಬ ಗಾಯಕ ಬೆನ್ನುತಟ್ಟಿ, ನೀನು ಒಬ್ಬನೇ ಹಾಡು ಅಂತ ಹೊರಡಿಸಿದ ಮೇಲೆ 1964ರ ಕಾಂತಾಜೀರೊ ಹಾಡಿನ ಯಾತ್ರೆಯಲ್ಲಿ ಜನ ಕೂಗಿ ಗಲಾಟೆ ಮಾಡಿದರು. ಕುಳ್ಳ, ಮೈತುಂಬ ಕೂದಲು, ಮಾತಿಲ್ಲದೆ ಬರೀ ದನಿಯಲ್ಲೇ ಆಟ ಆಡುವ ಹುಚ್ಚು ಬೇರೆ. ಚಂದದ ಹುಡುಗರ ಕಾಲದಲ್ಲಿ ಅದು ಯಾರಿಗೂ ರುಚಿಸಲಿಲ್ಲ. 1966ರಲ್ಲಿ ಸಾನ್‌ರೆಮೊ, 1967ರಲ್ಲಿ ಮತ್ತೆ ಸಾನ್‌ರೆಮೊ. ಆ ವರ್ಷ ಹಾಡಿದ್ದು, ಸೋಲುವುದನ್ನೂ ಕಲಿಯಬೇಕು ಅನ್ನುವ ಹಾಡು. ಅದೇ ಉತ್ಸವದ ನಡುವೆ ಗಾಯಕ ಲುಯೀಜಿ ತೆಂಕೊ ಹೋಟೆಲ್ ಕೋಣೆಯಲ್ಲಿ ಸತ್ತುಬಿದ್ದರು. ಇದು ಯಾವುದೂ ‘ಪರಿಶ್ರಮ’ ಅಲ್ಲ. ಏಟು.

ಆಮೇಲೆ ರೊಬೆರ್ತೊ ರೊವೆರ್ಸಿ. ಈ ಹೆಸರನ್ನು ‘ಸಹಯೋಗ’ ಅನ್ನುವ ಪದದ ಜೊತೆ ಬ್ರಾಕೆಟ್ಟಿನಲ್ಲಿ ಹಾಕಿದ್ದೀರಿ. ರೊವೆರ್ಸಿ ಬೊಲೋನ್ಯಾದ ಕವಿ, ಹಳೆಯ ಪುಸ್ತಕದ ಅಂಗಡಿ ಇಟ್ಟುಕೊಂಡಿದ್ದವರು, ಸಾಹಿತಿ, ಸಿನಿಮಾ ನಿರ್ದೇಶಕ ಪಸೋಲಿನಿ ಜೊತೆ ಸೇರಿ ಸಾಹಿತ್ಯ ಪತ್ರಿಕೆ ತಂದವರು. 1973, 1975, 1976ರ ಮೂರು ಆಲ್ಬಮ್ಮಿಗೆ ಮಾತು ಅವರದ್ದು, ಸಂಗೀತ, ದನಿ ದಾಲ್ಲಾದ್ದು. ಕಾರ್ಖಾನೆ, ವಲಸೆ, ಹೊಗೆ ಎಲ್ಲ ಪಾಪ್ ಹಾಡಿನೊಳಗೆ ಬಂದವು. ಮೂರನೆಯದು ಮೋಟಾರು ಕಾರುಗಳ ಮೇಲಿನ ಹಾಡುಗಳದ್ದು. ಕೆಲವನ್ನು ಬಿಟ್ಟು ಡಿಸ್ಕ್ ತರುತ್ತಾರೆ ಅಂದಾಗ ರೊವೆರ್ಸಿ ಒಪ್ಪಲಿಲ್ಲ. ತಮ್ಮ ಹೆಸರು ಹಾಕಲು ಬಿಡದೆ ‘ನೊರಿಸ್ಸೊ’ ಅಂತ ಸಹಿ ಮಾಡಿದರು. ಜೊತೆ ಮುರಿಯಿತು.

ಈಗ ಬಂತು ನಿಮ್ಮ 1977. ಕವಿ ಎದ್ದು ಹೋಗಿದ್ದಾನೆ. ಇಷ್ಟು ವರ್ಷ ಬೇರೆಯವರ ಮಾತು ಹಾಡಿದವನಿಗೆ 34 ವಯಸ್ಸು. ಕುಳಿತು ಬರೆದ. ಇಡೀ ಆಲ್ಬಮ್ಮಿನ ಸಾಹಿತ್ಯ ಪೂರ್ತಿ ತಾನೇ ಬರೆದದ್ದು ಅದೇ ಮೊದಲು. ಅದರ ಹೆಸರು, ‘ಸಮುದ್ರ ಎಷ್ಟು ಆಳ’. ನೀವು ‘ಯಶಸ್ಸಿನ ಶಿಖರ’ ಅಂದದ್ದು ಇದಕ್ಕೆ. ಜನ ಮೆಚ್ಚಿದರು, ಹೌದು. ಆದರೆ ನನಗೆ ಬೇಕಾದದ್ದು ಅದಲ್ಲ. ಮೂರು ಆಲ್ಬಮ್ ಕಾಲ ಕವಿಯ ಪಕ್ಕ ಕೂತವನು ಏನು ಕಲಿತ, ಏನನ್ನು ಬಿಟ್ಟ? 1975ರ ಒಂದು ಹಾಡು, 1977ರ ಒಂದು ಹಾಡು ಅಕ್ಕಪಕ್ಕ ಇಟ್ಟು ಕೇಳಿ. ಕೇಳಿದ್ದನ್ನು ಬರೆಯಿರಿ. ಒಂದು ಪುಟ ಆದರೂ ಸಾಕು, ಹಾಕ್ತೀನಿ.

1979ರಲ್ಲಿ ಗಾಯಕ ದೆ ಗ್ರೆಗೊರಿ ಜೊತೆ ಕ್ರೀಡಾಂಗಣಗಳಲ್ಲಿ ಹಾಡಿದ್ದು, 1986ರ ‘ಕರೂಸೊ’ ಹಾಡು, ಒಪೆರಾ ಗಾಯಕ ಪವರೊತ್ತಿ ಅದನ್ನು ಹಾಡಿದ್ದು, ಆ ಭಾಗಗಳ ಗೋಜಿಗೆ ನಾನು ಹೋಗಿಲ್ಲ. ಸೊರೆಂತೊದಲ್ಲಿ ದೋಣಿ ಕೆಟ್ಟು, ಹಳೆಯ ಕಾಲದ ಒಪೆರಾ ಗಾಯಕ ಕರೂಸೊ ಇದ್ದ ಹೋಟೆಲಿನಲ್ಲೇ ಉಳಿದ ಕಥೆ ದಾಲ್ಲಾ ತಾವೇ ಹೇಳಿಕೊಂಡಿದ್ದು. ‘ಅವರು ಹೇಳುವಂತೆ’ ಅಂತ ಒಂದು ಮಾತು ಸೇರಿಸಿ, ಉಳಿದದ್ದು ಹಾಗೇ ಇರಲಿ.

ಮತ್ತೆ ಕಳಿಸುವಾಗ ಎರಡನೇ ಪ್ಯಾರಾ ಹೊಸದಾಗಿ ಬರಲಿ, ತಾಯಿ ಯೋಲೆಯಿಂದಲೇ ಶುರು ಮಾಡಿದರೂ ಆದೀತು. ಶಿಖರ, ಗಾರುಡಿಗ, ಅಮರ ಎಲ್ಲ ತೆಗೆಯಿರಿ. ಕೊನೆಯಲ್ಲಿ ‘ದಾಲ್ಲಾ ರಚಿಸಿದ ಜನಪ್ರಿಯ ಗೀತೆಗಳು’ ಅಂತ ಪಟ್ಟಿ ಕೊಟ್ಟಿದ್ದೀರಲ್ಲ, ಅದರಲ್ಲಿ ಪ್ರತಿ ಹಾಡಿನ ಪಕ್ಕ ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು ಅಂತ ರೇಡಿಯೋದವರು ಹೇಳುವ ಹಾಗೆ ಹಾಕಿ. 1990ರ ‘ಅತ್ತೆಂತಿ ಅಲ್ ಲೂಪೊ’ವನ್ನೂ ಅಲ್ಲೇ ಸೇರಿಸಿದ್ದೀರಿ. ಹಾಡಿದ್ದು ದಾಲ್ಲಾ. ಬರೆದದ್ದು ಗಾಯಕ ರೋನ್.