ಕಂಬ ನಿಲ್ಲಿಸುವ ಅವಸರ ಬೇಡ

ಪ್ರಶ್ನೆ: ಹದಿನಾಲ್ಕು ಅಡಿಯ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯೊಂದನ್ನು ಕೊಂಡಿದ್ದೇನೆ. ಮಾರಿದವರು ಕಂಬ, ಬೂಮ್ (ದೊಡ್ಡ ಹಾಯಿಯ ಕೆಳಗಿನ ಅಡ್ಡದಂಡ), ಎರಡು ಹಾಯಿ ಮತ್ತು ಒಂದು ಚೀಲದ ತುಂಬ ಹಗ್ಗ, ತಂತಿ, ಕೊಕ್ಕೆಗಳನ್ನು ಕೊಟ್ಟು ಹೋದರು. ಯಾವುದು ಎಲ್ಲಿಗೆ ಎಂದು ತಿಳಿಯುತ್ತಿಲ್ಲ. ತಂತಿಗಳು ಹೊಳೆಯುತ್ತಿವೆ, ಹಾಗಾಗಿ ಅವನ್ನು ಮುಟ್ಟುವುದಿಲ್ಲ. ಹಗ್ಗಗಳನ್ನೆಲ್ಲ ಬದಲಿಸೋಣ ಎಂದುಕೊಂಡಿದ್ದೇನೆ. ಮುಂದಿನ ಭಾನುವಾರ ನೀರಿಗಿಳಿಸಬಹುದೇ?
– ಚೀಲದ ಮುಂದೆ ಕೂತವ

ಉತ್ತರ: ಮುಂದಿನ ಭಾನುವಾರ ಬೇಡ. ಅದರಾಚೆಯ ಭಾನುವಾರವೂ ಅನುಮಾನವೇ. ನೀವು ಬದಲಿಸಬೇಕೆಂದಿರುವುದನ್ನು ಸದ್ಯಕ್ಕೆ ಬಿಡಿ, ಮುಟ್ಟುವುದಿಲ್ಲ ಎಂದದ್ದನ್ನು ಮೊದಲು ಕೈಗೆತ್ತಿಕೊಳ್ಳಿ. ಕಂಬವನ್ನು ನಿಲ್ಲಿಸಿ ಹಿಡಿಯುವುದು ಆ ತಂತಿಗಳೇ.

ನನ್ನ ಮೊದಲ ದೋಣಿಯ ಕಂಬ ಬಿದ್ದದ್ದು ತಂತಿ ಹರಿದಲ್ಲ. ಪಕ್ಕದ ತಂತಿಯನ್ನು ದೋಣಿಗೆ ಹಿಡಿದಿಡುವ ದಪ್ಪ ಪಿನ್ನು ಜಾರದಂತೆ ಅದರ ತೂತಿನಲ್ಲೊಂದು ಎರಡು ಕಾಲಿನ ಸ್ಪ್ಲಿಟ್ ಪಿನ್ ಇರುತ್ತದೆ, ಬೆಂಕಿಕಡ್ಡಿಯ ಅರ್ಧದಷ್ಟು. ಅದನ್ನು ತೂರಿಸಿದ್ದೆ, ಕಾಲು ಅಗಲಿಸಿರಲಿಲ್ಲ. ಗಾಳಿಗೆ ಮರೆಯಾದ ಕಡೆಯ ತಂತಿ ಸಡಿಲವಾಗಿ ಕುಣಿಯುತ್ತದಲ್ಲ, ಆ ಕುಣಿತಕ್ಕೆ ಸ್ಪ್ಲಿಟ್ ಪಿನ್ ಉದುರಿತು, ಹಿಂದೆಯೇ ದಪ್ಪ ಪಿನ್ನೂ ಹೊರಬಂತು. ನಾನು ದೋಣಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದೆ, ಭಾರ ಆ ಕಡೆ ಬಿತ್ತು, ಹಿಡಿಯಲು ಏನೂ ಇರಲಿಲ್ಲ. ಸಣ್ಣ ಗಾಳಿ, ಯಾರಿಗೂ ಪೆಟ್ಟಾಗಲಿಲ್ಲ. ಹಾಯಿ, ಕಂಬ, ತಂತಿ ಎಲ್ಲ ನೀರಿನಲ್ಲಿ ತೇಲುತ್ತಿರುವಾಗ ಹುಟ್ಟು ಹಾಕುತ್ತ ದಡ ಸೇರಿದ್ದು ಮಾತ್ರ ಇಂದಿಗೂ ಮರೆತಿಲ್ಲ. ಅಂದಿನಿಂದ ಹಳೆಯ ಸ್ಪ್ಲಿಟ್ ಪಿನ್ನುಗಳನ್ನು ಮರುಬಳಸುವುದಿಲ್ಲ. ಹೊಸದು ಹಾಕಿ, ಕಾಲು ಅಗಲಿಸಿ, ಹಾಯಿ ಹರಿಯದಂತೆ ಮೇಲೊಂದು ಸುತ್ತು ಟೇಪು ಸುತ್ತುತ್ತೇನೆ.

ಇನ್ನು ನಿಮ್ಮ ಹೊಳೆಯುವ ತಂತಿ. ಸ್ಟೇನ್‌ಲೆಸ್ ಸ್ಟೀಲಿನ ಮೋಸ ಇರುವುದೇ ಆ ಹೊಳಪಿನಲ್ಲಿ. ಅದನ್ನು ತುಕ್ಕಿನಿಂದ ಕಾಯುವುದು ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ. ಗೀರು ಬಿದ್ದರೂ ಆಮ್ಲಜನಕ ಸಿಕ್ಕರೆ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ತಂತಿಯ ತುದಿಯನ್ನು ಲೋಹದ ಕೊಳವೆಯೊಳಗೆ ಸೇರಿಸಿ ಯಂತ್ರದಲ್ಲಿ ಒತ್ತಿರುತ್ತಾರೆ. ಅಲ್ಲಿ ಉಪ್ಪುನೀರು ಇಳಿದು ನಿಂತರೆ ಆಮ್ಲಜನಕ ತಲುಪುವುದಿಲ್ಲ; ತುಕ್ಕು ಒಳಗೊಳಗೇ ತಿನ್ನುತ್ತದೆ. ತಂತಿ ನಡುವೆ ಕನ್ನಡಿಯಂತಿರುತ್ತದೆ, ತುದಿಯಲ್ಲಿ ಟೊಳ್ಳಾಗಿರುತ್ತದೆ. ಆದ್ದರಿಂದ ಕೊಳವೆಯ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ಕಂದು ಕಣ್ಣೀರಿನಂಥ ಕಲೆ, ಉದ್ದುದ್ದ ಕೂದಲೆಳೆಯ ಬಿರುಕು ಕಂಡರೆ ಆ ತಂತಿಯ ಕಥೆ ಮುಗಿಯಿತು. ಆಮೇಲೆ ಹತ್ತಿಯ ಉಂಡೆಯೊಂದನ್ನು ಹಿಡಿದು ತಂತಿಯ ಉದ್ದಕ್ಕೂ ಸವರಿ. ಎಳೆ ತುಂಡಾಗಿದ್ದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಸಿಕ್ಕಿಕೊಳ್ಳುವುದು ನಿಮ್ಮ ಬೆರಳು. ಇಂಥ ತಂತಿಯಲ್ಲಿ ಸಾಮಾನ್ಯವಾಗಿ 19 ಎಳೆ: ನಡುವೆ 1, ಸುತ್ತ 6, ಅದರ ಸುತ್ತ 12. ಒಂದು ಹೋಗಿದ್ದರೆ ಉಳಿದ ಹದಿನೆಂಟೂ ಅಷ್ಟೇ ಹಳೆಯವು ಎಂದು ನೆನಪಿಡಿ. ಹತ್ತು ಹದಿನೈದು ವರ್ಷಕ್ಕೆ ತಂತಿ ಬದಲಿಸುವುದು ರೂಢಿ. ನಿಮ್ಮದಕ್ಕೆ ವಯಸ್ಸೆಷ್ಟೆಂದು ಮಾರಿದವರು ಹೇಳಲಾರರಾದರೆ ಎಲ್ಲ ತಂತಿಗಳನ್ನೂ ಒಟ್ಟಿಗೇ ಬದಲಿಸಿ. ಹೊಸದು ಕೈಗೆ ಬರುವ ತನಕ ಹಳೆಯದನ್ನು ಎಸೆಯಬೇಡಿ, ಅಳತೆ ಇರುವುದು ಅದರಲ್ಲೇ.

ಯಾವುದು ಎಲ್ಲಿಗೆ ಎಂಬುದು ಅಷ್ಟೇನೂ ಗೋಜಲಲ್ಲ. ಚೀಲವನ್ನು ಹಳೆಯ ಬೆಡ್‌ಶೀಟಿನ ಮೇಲೆ ಸುರಿಯಿರಿ. ಸರಿಸಮ ಉದ್ದದ ಜೋಡಿ ತಂತಿ ಎಡಬಲಕ್ಕೆ, ಒಂಟಿಯಾಗಿ ಉಳಿದದ್ದು ಮೂತಿಗೆ. ಈ ಗಾತ್ರದ ಅನೇಕ ದೋಣಿಗಳಿಗೆ ಹಿಂದಿನ ತಂತಿಯೇ ಇರುವುದಿಲ್ಲ, ಕಳೆದುಹೋಗಿದೆ ಎಂದು ಹುಡುಕಬೇಡಿ. ಕಂಬದಲ್ಲಿ ಹಾಯಿ ಜಾರುವ ಸೀಳು ಇರುವ ಮುಖ ದೋಣಿಯ ಹಿಂಬದಿಗೆ.

ಕಂಬವನ್ನು ಮೊದಲ ಸಲ ದೋಣಿ ನೆಲದ ಮೇಲಿರುವಾಗಲೇ ನಿಲ್ಲಿಸಿ ನೋಡಿ. ಅದಕ್ಕೂ ಮುಂಚೆ ತಲೆ ಎತ್ತಿ ನೋಡಿ: ಮೇಲೆ ವಿದ್ಯುತ್ ತಂತಿ ಇರಕೂಡದು, ದೋಣಿಯನ್ನು ನೀರಿಗೆ ಎಳೆದೊಯ್ಯುವ ದಾರಿಯಲ್ಲೂ ಇರಕೂಡದು. ಅಲ್ಯೂಮಿನಿಯಂ ಕಂಬ ಅದಕ್ಕೆ ತಾಗಿದರೆ ಎರಡನೆಯ ಅವಕಾಶವಿಲ್ಲ. ಎಡಬಲದ ತಂತಿ ಸಿಕ್ಕಿಸಿ, ಒಬ್ಬರು ಎತ್ತಿ, ಇನ್ನೊಬ್ಬರು ಮುಂದಿನಿಂದ ಎಳೆದು ಮೂತಿಯ ತಂತಿ ಕಟ್ಟಬೇಕು. ದೊಡ್ಡ ಹಾಯಿ ಏರಿಸುವ ಹಗ್ಗವನ್ನು ಎಡದ ತಂತಿ ದೋಣಿಗೆ ಸೇರುವ ಕೊಂಡಿಗೆ ತಾಗಿಸಿ ಗುರುತು ಮಾಡಿ, ಅದೇ ಗುರುತು ಬಲದ ಕೊಂಡಿಗೂ ತಾಗಿದರೆ ಕಂಬ ನೆಟ್ಟಗಿದೆ. ಅದೇ ಹಗ್ಗಕ್ಕೆ ಒಂದು ಭಾರ ಕಟ್ಟಿ ಇಳಿಬಿಟ್ಟರೆ ಕಂಬ ಹಿಂದಕ್ಕೆಷ್ಟು ವಾಲಿದೆ ಎಂದೂ ಗೊತ್ತಾಗುತ್ತದೆ. ಆ ಅಳತೆ ಬರೆದಿಟ್ಟುಕೊಳ್ಳಿ. ವಾಲು ಹೆಚ್ಚಾದಷ್ಟೂ ದೋಣಿ ತಾನಾಗಿ ಗಾಳಿಯತ್ತ ಮೂತಿ ತಿರುಗಿಸಲು ನೋಡುತ್ತದೆ, ಚುಕ್ಕಾಣಿ ಹಿಡಿದ ತೋಳು ನೋಯುತ್ತದೆ.

ಹಗ್ಗದ ಮಾತು ಕೊನೆಗೆ. ಹಾಯಿ ಏರಿಸುವುದಕ್ಕೆ ಹಿಗ್ಗದ ಪಾಲಿಯೆಸ್ಟರ್ ಬೇಕು, ನೈಲಾನ್ ಬೇಡ. ಹಿಗ್ಗುವ ನೈಲಾನ್ ಲಂಗರಿಗೆ ಒಳ್ಳೆಯದು. ಹಾಯಿಯನ್ನು ಕೈಯಲ್ಲಿ ಹಿಡಿದು ಆಡಿಸುವ ಹಗ್ಗಕ್ಕೆ ನಾವಿಕರು ಶೀಟ್ ಎನ್ನುತ್ತಾರೆ, ಏಕೆಂದು ಕೇಳಬೇಡಿ. ಅದಕ್ಕೆ 4 ಮಿ.ಮೀ. ದಪ್ಪವೂ ಬಲದಲ್ಲಿ ಸಾಕು, ಆದರೆ ಅಂಗೈ ಕೊಯ್ಯುತ್ತದೆ. 8 ಮಿ.ಮೀ. ಇರಲಿ. ಮುಂದಿನ ಹಾಯಿಯ ಮೂಲೆಗೆ ಶೀಟನ್ನು ಗಂಟು ಹಾಕಿ ಕಟ್ಟಿ, ಪಿನ್ನು ತೂರಿಸಿ ಮುಚ್ಚುವ ಲೋಹದ ಕೊಂಡಿ, ಅಂದರೆ ಶ್ಯಾಕಲ್, ಬೇಡ. ಹಾಯಿ ಪಟಪಟ ಬಡಿದುಕೊಳ್ಳುವಾಗ ಆ ಶ್ಯಾಕಲ್ ಸುತ್ತಿಗೆಯಂತೆ ಹಣೆಗೆ ಬರುತ್ತದೆ. ಉಳಿದ ಹಗ್ಗಗಳನ್ನು ಬಕೆಟ್ ಸಿಹಿನೀರಿನಲ್ಲಿ ನೆನೆಸಿ ತೊಳೆಯಿರಿ, ನಾಲ್ಕು ಸಲ ದೋಣಿ ಬಿಟ್ಟ ಮೇಲೆ ಯಾವುದು ಬೇಡವೆಂದು ನಿಮಗೇ ತಿಳಿಯುತ್ತದೆ.

ಪ್ರಶ್ನೆ: ಡೆಕ್ ಮೇಲೆ ಹಗ್ಗ ಕಟ್ಟುವ ಕ್ಲೀಟ್ ಅಲುಗಾಡುತ್ತಿದೆ, ಮಳೆ ಬಂದರೆ ಅಲ್ಲಿಂದ ಹನಿಯುತ್ತದೆ. ದಪ್ಪ ಸ್ಕ್ರೂ ಹಾಕಿ ಸುತ್ತ ಸಿಲಿಕೋನ್ ಹಚ್ಚಲೇ?
– ಹನಿಯುವ ಡೆಕ್ಕಿನವ

ಉತ್ತರ: ಎರಡೂ ಬೇಡ. ನಾಣ್ಯವೊಂದರಿಂದ ಸುತ್ತ ತಟ್ಟುತ್ತ ಹೋಗಿ. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಡೆಕ್ಕಿನ ಪದರಗಳ ನಡುವಿನ ಮರ ಕೊಳೆತಿದೆ ಅಥವಾ ಪದರ ಬಿಟ್ಟಿದೆ. ಗಟ್ಟಿಯಿದ್ದರೆ ತೂತನ್ನು ದೊಡ್ಡದು ಮಾಡಿ, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಹೊಸ ತೂತು ಕೊರೆಯಿರಿ; ಆಗ ನೀರು ಮರವನ್ನು ಮುಟ್ಟುವುದೇ ಇಲ್ಲ. ಸ್ಕ್ರೂ ಬದಲು ಆರಪಾರ ಬೋಲ್ಟ್, ಕೆಳಗೊಂದು ಅಗಲ ತಟ್ಟೆ. ಸಂದಿಗೆ ಬ್ಯೂಟೈಲ್ ಎಂಬ ಜಿಗುಟು ರಬ್ಬರಿನ ಟೇಪ್ ಸಾಕು. ಸಿಲಿಕೋನ್ ಸೋತ ಜಾಗದಲ್ಲಿ ಆಮೇಲೆ ಬಣ್ಣವೂ ಹಿಡಿಯದು, ಬೇರೆ ಅಂಟೂ ಹಿಡಿಯದು. ನನ್ನ ಡೆಕ್ಕಿನ ಒಂದು ಮೂಲೆ ಇಂದಿಗೂ ಅದಕ್ಕೆ ಸಾಕ್ಷಿ.

ಪ್ರಶ್ನೆ: ಸಣ್ಣ ದೋಣಿಗೆ ಮೊದಲು ಕೊಳ್ಳಬೇಕಾದ್ದು ಯಾವುದು, ಕಂಪಾಸೋ ಎಲೆಕ್ಟ್ರಾನಿಕ್ ಗಾಳಿಮಾಪಕವೋ?
– ಪಟ್ಟಿ ಹಿಡಿದು ಹೊರಟವ

ಉತ್ತರ: ಗಾಳಿ ನೋಡಲು ಎಡಬಲದ ತಂತಿಗಳಿಗೆ ಕಣ್ಣೆತ್ತರದಲ್ಲಿ ಗೇಣುದ್ದದ ಹಳೆಯ ಕ್ಯಾಸೆಟ್ ಟೇಪ್ ಕಟ್ಟಿ. ಉಲನ್ ದಾರವೂ ಆದೀತು, ಆದರೆ ಒದ್ದೆಯಾದರೆ ತಂತಿಗೆ ಅಂಟಿಕೊಳ್ಳುತ್ತದೆ. ದೋಣಿಯಲ್ಲಿರುವ ಪ್ರತಿಯೊಬ್ಬರ ಮೈಮೇಲೂ ಲೈಫ್ ಜಾಕೆಟ್, ಎರಡು ಹುಟ್ಟು, ದೋಣಿಗೆ ಕಟ್ಟಿದ ಬಕೆಟ್. ಇವಿಲ್ಲದೆ ಪಟ್ಟಿಯ ಎರಡನೆಯ ಸಾಲಿಗೆ ಹೋಗಬೇಡಿ. ಹಾಂ, ದೋಣಿಯ ಹಿಂಬದಿಯ ತಳದಲ್ಲಿ ನೀರು ಬಸಿಯಲು ತೂತೊಂದಿರುತ್ತದೆ. ಅದರ ಬಿರಡೆ ಎಲ್ಲಿದೆ ಎಂದು ನಿಮ್ಮ ಪಟ್ಟಿಯಲ್ಲಿ ಬರೆದೇ ಇಲ್ಲ.