ತಿರುಮಲದ ಬಂಡೆಯಲ್ಲಿ ಕಂಡ ಹಳದಿ ಹಲ್ಲಿ

ತಿರುಮಲ ಬೆಟ್ಟದ ಬಂಡೆ ಸಂದಿಯಲ್ಲಿ ಅರಿಶಿನ ಬಣ್ಣದ ಹಲ್ಲಿ ನೋಡಿದೆ, ವಿಷವಿದೆಯಾ, ಮನೆಗೆ ತರಬಹುದಾ ಅಂತ ಕೇಳಿದ್ದೀರಿ. ವಿಷ ಖಂಡಿತ ಇಲ್ಲ. ಅದು ಬಂಗಾರದ ಹಲ್ಲಿಯೇ ಇರಬೇಕು. ನಿಮ್ಮ ಅದೃಷ್ಟ ದೊಡ್ಡದು! ಹಾಗೆ ಹಳದಿ ಹೊಳೆಯುವುದು ಗಂಡು, ಅದೂ ಮೊಟ್ಟೆಯಿಡುವ ಕಾಲದಲ್ಲಿ. ಹೆಣ್ಣು ಕಂದು ಬಣ್ಣದ್ದು, ಬಂಡೆಯಲ್ಲೇ ಕರಗಿಹೋಗುತ್ತದೆ. ಈ ಹಲ್ಲಿ ರಾತ್ರಿ ಹೊರಬಂದು ಹುಳುಹುಪ್ಪಟೆ ಹಿಡಿಯುತ್ತದೆ. 1870ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಬೆಡ್ಡೋಮ್ ಇದನ್ನು ಮೊದಲು ವಿವರಿಸಿದರು. ಆಮೇಲೆ ನೂರಕ್ಕೂ ಜಾಸ್ತಿ ವರ್ಷ ಸುದ್ದಿಯೇ ಇರಲಿಲ್ಲ. 1980ರ ದಶಕದಲ್ಲಿ ಮತ್ತೆ ಸಿಕ್ಕಿದ್ದು ಅದೇ ತಿರುಮಲದಲ್ಲಿ.

ದಯವಿಟ್ಟು ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಪೂರ್ವ ಘಟ್ಟದ ಕೆಲವು ಬೆಟ್ಟಗಳು ಬಿಟ್ಟರೆ ಇದಕ್ಕೆ ಬೇರೆ ಮನೆಯಿಲ್ಲ. ಹಲವು ಹೆಣ್ಣುಗಳು ಒಂದೇ ಬಂಡೆಗೆ ಮೊಟ್ಟೆ ಅಂಟಿಸುತ್ತವೆ, ಅದನ್ನೂ ಸುಮ್ನೆ ಮುಟ್ಟಬೇಡಿ. ಫೋಟೋ ತೆಗೆದಿದ್ದರೆ ಹಾಕ್ತೀರಾ?